ಕಿಂಡಿಗೆ ಹಚ್ಚಿದ ಅರಗು

ಮೊಮ್ಮಗಳು ಸ್ಮಿತಾಳಿಗೆ ಆರ್ಡರ್ ಬಂದಿದೆ. ಚುನಾವಣೆ ಕೆಲಸದ ಕಾನೂನು ಶಾಖೆಯಲ್ಲಿ ನೌಕರಿ. ಈ ಸುದ್ದಿಯನ್ನು ನಾನು ಹಾಲಿನವನಿಗೆ ಹೇಳಿದ್ದೇನೆ, ಕಿರಾಣಿ ಅಂಗಡಿಯವನಿಗೆ ಹೇಳಿದ್ದೇನೆ, ಕಣ್ಣಿನ ಡಾಕ್ಟರಿಗೆ ಹೇಳಿದ್ದೇನೆ. ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಗುರುತಿಲ್ಲದ ಹೆಣ್ಣುಮಗಳಿಗೂ ಹೇಳಿದೆ. ಕೇಳುತ್ತ ಕೇಳುತ್ತ ಆಕೆಯ ಸ್ಟಾಪು ದಾಟಿಹೋಯಿತು, ನನ್ನನ್ನು ಬೈದುಕೊಂಡೇ ಇಳಿದಳು. ಬೈಯಲಿ ಬಿಡಿ. ಇನ್ನು ಹೇಳಲು ಜನ ಉಳಿದಿಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ.

ನಾನು ನೀಲವ್ವ. ತವರು ಶಿರಗುಪ್ಪಿ, ಓದಿದ್ದು ನಾಲ್ಕನೆಯ ಇಯತ್ತೆ. ಹುಬ್ಬಳ್ಳಿಯಲ್ಲಿ ಚುನಾವಣೆ ಕೆಲಸ ನೋಡುವ ಒಂದು ಕಚೇರಿಯಲ್ಲಿ ನನ್ನ ಯಜಮಾನರು ಸಿಪಾಯಿ, ಅಂದರೆ ಜವಾನ, ಇದ್ದರು. ಅವರು ಹೋದ ಮೇಲೆ ಅನುಕಂಪದಲ್ಲಿ ಆ ಜಾಗ ನನಗೆ ಬಂತು. ಸೇರಿದಾಗ ಸಿಪಾಯಿ, ಬಿಟ್ಟಾಗಲೂ ಸಿಪಾಯಿ. ಬಡ್ತಿಯ ಕಥೆ ಅಲ್ಲಿಗೆ ಮುಗಿಯಿತು. ಕಚೇರಿಯ ಹೆಸರು ಬರೆಯುವುದಿಲ್ಲ. ಈಗ ಆ ಕೆಲಸಕ್ಕೆ ಸೇರುತ್ತಿರುವ ನನ್ನ ಮೊಮ್ಮಗಳಂಥ ಮಕ್ಕಳಿಗೆ, ಅದು ಖರೇ ಹೇಗಿತ್ತು ಅನ್ನುವುದನ್ನಷ್ಟೇ ಬರೆಯುತ್ತೇನೆ. ಒತ್ತಕ್ಷರ ತಿದ್ದಿದ್ದು ಸ್ಮಿತಾ. ಮಾತು ತಿದ್ದಲು ನಾನು ಬಿಟ್ಟಿಲ್ಲ.

ಚುನಾವಣೆ ಅಂದರೆ ಜನರಿಗೆ ಭಾಷಣ, ಮೆರವಣಿಗೆ. ನನಗೆ ಚುನಾವಣೆ ಅಂದರೆ ಅರಗು ಕರಗುವ ವಾಸನೆ. ನಾನು ಸೇರಿದ್ದು ತೊಂಬತ್ತರ ದಶಕದ ಶುರುವಿನಲ್ಲಿ, ಆಗ ಇನ್ನೂ ಕಾಗದದ ಮತಪತ್ರ, ಕಬ್ಬಿಣದ ಪೆಟ್ಟಿಗೆ. ಪೆಟ್ಟಿಗೆ ಇಟ್ಟ ಕೋಣೆಗೆ ಬೀಗ ಹಾಕಿ, ಬೀಗಕ್ಕೆ ಕೋರಾ ಬಟ್ಟೆ ಸುತ್ತಿ, ಗಂಟಿನ ಮೇಲೆ ಅರಗು ಕರಗಿಸಿ ಹಿತ್ತಾಳೆಯ ಮುದ್ರೆ ಒತ್ತುವುದು ನನ್ನ ಕೆಲಸ. ಮೊದಲ ದಿನವೇ ಬಿಸಿ ಅರಗು ಹೆಬ್ಬೆರಳ ಮೇಲೆ ಬಿತ್ತು. ಕೈ ಕೊಡವಿದೆ. ಅರಗು ಹಾರಿ ಒಬ್ಬ ಅಭ್ಯರ್ಥಿಯ ಬಿಳಿ ಜುಬ್ಬಾದ ಮೇಲೆ ಕೂತಿತು. ಅವರು ಆ ಸಲ ಸೋತರು. ಅದಕ್ಕೆ ನಾನು ಕಾರಣವಲ್ಲ.

ಕೆಲಸ ಕಲಿಸಿದವರು ನಮ್ಮ ಶಿರಸ್ತೇದಾರರು, ದೇಸಾಯರು. ಮಾಳಮಡ್ಡಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದರು. ಕೈಯಲ್ಲಿ ಒಂದು ಚೀಲ, ಚೀಲದಲ್ಲಿ ಕಾಯ್ದೆ ಪುಸ್ತಕ, ಪುಸ್ತಕದ ಮೇಲೆ ಊಟದ ಡಬ್ಬಿ. ಕಾಯ್ದೆಯ ಪುಸ್ತಕಕ್ಕೆಲ್ಲ ಸಾರಿನ ಕಲೆ.

“ನೀಲವ್ವ, ಬೀಗ ಯಾತಕ್ಕ ಹಾಕ್ತೀವಿ?” ಎಂದು ಕೇಳಿದರು.

“ಕಳ್ಳರು ಬರಬಾರದು ಅಂತ್ರಿ.”

“ಮತ್ತ ಮುದ್ರಿ ಯಾತಕ್ಕ?”

“ಬೀಗ ಗಟ್ಟಿ ಇರಲಿ ಅಂತ್ರಿ.”

“ಅಲ್ಲ. ಅರಗು ಉಗುರಿನಿಂದ ಕೆತ್ತಿದ್ರೂ ಬರತದ. ಮುದ್ರಿ ಯಾರನ್ನೂ ತಡಿಯೂದಿಲ್ಲ. ಯಾರರ ಒಳಗ ಹೋಗಿದ್ರ, ಹೋಗಿದ್ರು ಅಂತ ನಾಲ್ಕು ಮಂದಿಗೆ ಹೇಳತದ. ಅಷ್ಟ ಅದರ ಕೆಲಸ.”

ನಮ್ಮ ಕಚೇರಿಯಲ್ಲಿ ಅವರು ಇನ್ನೊಂದು ಪದ್ಧತಿ ಇಟ್ಟಿದ್ದರು. ಕೋಣೆ ಮುಚ್ಚುವಾಗ ಪಂಚನಾಮೆಯನ್ನು ದೊಡ್ಡ ದನಿಯಲ್ಲಿ ಓದಬೇಕು. “ಬಾಗಿಲು, ಕಿಟಕಿ, ಕಿಂಡಿ ಯಾವುದರಿಂದಲೂ ಒಳಗೆ ಪ್ರವೇಶವಿಲ್ಲವೆಂದು ಕಣ್ಣಾರೆ ನೋಡಿದ್ದೇವೆ” ಎಂದು ಅದರಲ್ಲೊಂದು ಸಾಲು. ಎಲ್ಲ ಪಕ್ಷದ ಏಜೆಂಟರು ಕೇಳಬೇಕು, ಸಹಿ ಮಾಡಬೇಕು. ಕೊನೆಯ ಸಹಿ ನನ್ನದು. “ನಾ ಯಾಕ್ರಿ?” ಎಂದರೆ, “ಮುದ್ರಿ ಒತ್ತೋ ಕೈ ನಿಂದು. ನೋಡದ ಒತ್ತಬ್ಯಾಡ, ನೋಡದ ಬರೀಬ್ಯಾಡ” ಎಂದರು. ನನ್ನ ಹೆಸರು ಬರೆಯಲು ನನಗೆ ಹೊತ್ತು ಹಿಡಿಯುತ್ತಿತ್ತು. ಏಜೆಂಟರು ಗಡಿಯಾರ ನೋಡಿಕೊಳ್ಳುತ್ತಿದ್ದರು. ನೋಡಿಕೊಳ್ಳಲಿ ಎಂದು ನಾನು ಇನ್ನಷ್ಟು ಸಾವಕಾಶ ಬರೆಯುತ್ತಿದ್ದೆ.

ಒಂದು ಚುನಾವಣೆಯಲ್ಲಿ ಬಾಗಿಲ ಸಂದಿಗೆ ಅಡ್ಡಲಾಗಿ ಅಂಟಿಸಿದ ಕಾಗದದ ಪಟ್ಟಿಗಳು ಬೆಳಗಾಗುವುದರೊಳಗೆ ಚೂರುಚೂರು ಆಗಿದ್ದವು. ಕಚೇರಿಯ ಮುಂದೆ ಜನವೋ ಜನ. ಒಬ್ಬ ಏಜೆಂಟ ನೆಲದ ಮೇಲೆ ಕೂತು, “ನಮ್ಮ ಓಟು ಕದ್ದಾರ, ನಾ ಇಲ್ಲಿಂದ ಏಳಾಂಗಿಲ್ಲ” ಎಂದ. ದೇಸಾಯರು ಬಗ್ಗಿ ನೋಡಿ, ಬಾಗಿಲ ಸಂದಿನಿಂದ ಇಲಿಯ ಹಿಕ್ಕೆ ಎತ್ತಿ ಅವನ ಅಂಗೈಯಲ್ಲಿ ಇಟ್ಟರು. “ಇವ ಯಾವ ಪಕ್ಷದವ, ನೀನ ಹೇಳಪಾ.” ಅಂಟು ನಾನೇ ಮನೆಯಲ್ಲಿ ಮೈದಾಹಿಟ್ಟು ಕಾಸಿ ತಂದಿದ್ದೆ. ಇಲಿಗಳಿಗೆ ಹಬ್ಬ. ಆದರೂ ಆ ಏಜೆಂಟ ಎದ್ದಿದ್ದು ಬಟ್ಟೆಯ ಮೇಲಿನ ಅರಗಿನ ಮುದ್ರೆ ಹಾಗೇ ಇದೆ ಎಂದು ಕಣ್ಣಾರೆ ನೋಡಿದ ಮೇಲೆಯೇ. ಅಂದಿನಿಂದ ಅಂಟಿಗೆ ಮೈಲುತುತ್ತ ಬೆರೆಸುವುದು ರೂಢಿಯಾಯಿತು.

ಆಮೇಲೆ ಮತಯಂತ್ರ ಬಂತು. ಗುಂಡಿ ಒತ್ತಿದರೆ ಕುಂಯ್ ಅನ್ನುತ್ತಿತ್ತು. ತೋರಿಸಲು ಹಳ್ಳಿಗೆ ಒಯ್ದಾಗ ಒಬ್ಬ ಮುದುಕರು ಅದನ್ನು ತಿರುವಿ ಮುರುವಿ ನೋಡಿದರು. “ಇದಕ್ಕ ವಾಯರ ಎಲ್ಲೆವ್ವಾ?” ಎಂದರು. “ಹೊರಗಿನ ವಾಯರ ಇಲ್ರಿ ಯಜ್ಜಾ, ಒಳಗ ಬ್ಯಾಟರಿ ಐತಿ” ಎಂದೆ. “ಹಂಗಾದ್ರ ಅಡ್ಡಿ ಇಲ್ಲ. ವಾಯರ ಇತ್ತಂದ್ರ ಆ ಕಡೆ ತುದಿ ಯಾರ ಕೈಯಾಗಿರತೈತಿ, ನೋಡಾಕ ಹೋಗಾವರ ಯಾರು?” ಎಂದು ತಂಬಾಕು ತಿಕ್ಕುತ್ತ ಎದ್ದುಹೋದರು. ಆಗ ಅದು ಬರೀ ಮಾತು.

ಮತಯಂತ್ರಕ್ಕೆ ವಾಯರು ಇರಲಿಲ್ಲ. ವಾಯರು ಬಂದದ್ದು ಮತದಾರರ ಪಟ್ಟಿಗೆ.

ಎರಡು ಸಾವಿರದ ಆಚೀಚೆ ಪಟ್ಟಿಯನ್ನೆಲ್ಲ ಕಂಪ್ಯೂಟರಿಗೆ ಹಾಕಿದರು. ಅದಕ್ಕೊಂದು ಕೋಣೆ, ಅದನ್ನು ನಡೆಸುವುದಕ್ಕೆ ರೇಷ್ಮಾ ಎಂಬ ಹುಡುಗಿ. ನಾಮಪತ್ರದ ಕೊನೆಯ ದಿನ ದಾಟಿದ ಮೇಲೆ ಆ ಪಟ್ಟಿಯಲ್ಲಿ ಒಂದು ಹೆಸರೂ ಕೂಡಿಸುವಂತಿಲ್ಲ, ತೆಗೆಯುವಂತಿಲ್ಲ. ಅದಕ್ಕೇ ದೇಸಾಯರು ಆ ಕೋಣೆಗೂ ಅದೇ ಪದ್ಧತಿ ಹಚ್ಚಿದರು. ಬೀಗ, ಬಟ್ಟೆ, ಅರಗು, ಪಂಚನಾಮೆ.

ಮುಂದೆ ಹೊಸ ಸಾಹೇಬರು ಬಂದರು. ಮೈಸೂರ ಕಡೆಯವರು, ಕೆಟ್ಟವರಲ್ಲ. ಹಿಂದಿನ ಸಲ ಪಟ್ಟಿಯಲ್ಲಿ ಸತ್ತವರು ಉಳಿದು ಬದುಕಿದ್ದವರು ಹೋಗಿದ್ದರು, ಜನ ಕಚೇರಿಗೆ ಬಂದು ಕುರ್ಚಿ ಎತ್ತಿ ಒಗೆದಿದ್ದರು. ಅದನ್ನು ಸರಿಮಾಡಬೇಕೆಂದು ಸಾಹೇಬರಿಗೆ ಅವಸರ. ಆಗಲೇ ಒಂದು ಹೊರದೇಶದ ಕಂಪನಿ, ಎರಡೆರಡು ಸಲ ಬಂದ ಹೆಸರು ಹುಡುಕುವ ಪ್ರೋಗ್ರಾಮು ಪುಕ್ಕಟೆ ಕೊಡುತ್ತೇವೆ ಎಂದಿತು. ಅವರ ಪರವಾಗಿ ಬಂದವನು ವಿನಯ, ಸಪ್ತಾಪುರದಲ್ಲಿ ರೂಮು ಮಾಡಿಕೊಂಡಿದ್ದ ಹುಡುಗ. ಸ್ಕೂಟರಿನಲ್ಲಿ ಬಂದ, ನಕ್ಕ, ನನಗೂ ನಮಸ್ಕಾರ ಮಾಡಿದ. ಆ ಕೋಣೆಯ ಗೋಡೆಯ ಕಿಂಡಿಯೊಳಗಿಂದ ಟೆಲಿಫೋನ್ ವಾಯರು ಎಳೆದು ಕಂಪ್ಯೂಟರಿಗೆ ಸಿಕ್ಕಿಸಿದ. ಸಾಹೇಬರ ಲಿಖಿತ ಪರವಾನಗಿ ಇತ್ತು.

ಆ ವರ್ಷದ ಖಂಡೇಪೂಜೆಗೆ, ಅಂದರೆ ಆಯುಧಪೂಜೆಗೆ, ನಾನು ಎಂದಿನಂತೆ ಎಲ್ಲದಕ್ಕೂ ಪೂಜೆ ಮಾಡಿದೆ. ಬೀಗಕ್ಕೆ, ಮುದ್ರೆಗೆ, ಜೀಪಿಗೆ, ಕಂಪ್ಯೂಟರಿಗೆ. ವಿಭೂತಿ, ಕುಂಕುಮ, ಅಕ್ಷತೆ, ಚೆಂಡುಹೂವು. ಕಾಯಿ ಒಡೆದಾಗ ನೀರು ಸ್ವಲ್ಪ ಅತ್ತ ಸಿಡಿಯಿತು. ಹಬ್ಬ ಮುಗಿದು ಕಚೇರಿ ತೆರೆದ ದಿನ ರೇಷ್ಮಾ ಒಳಗಿನಿಂದ ಕೂಗಿದಳು.

“ನೀಲಕ್ಕಾ, ಬಾರವಾ ಇಲ್ಲಿ. ಇದು ತಾನ ಓಡಾಡಾಕತ್ತೈತಿ.”

ಪರದೆಯ ಮೇಲಿನ ಬಾಣ ತನ್ನಷ್ಟಕ್ಕೆ ತಾನು ಸರಿಯುತ್ತಿತ್ತು. ರೇಷ್ಮಾಳ ಎರಡೂ ಕೈ ಅವಳ ಮಡಿಲಲ್ಲಿದ್ದವು. ಬಾಣ ಒಂದು ಕಡೆ ನಿಂತಿತು, ಹೆಸರುಗಳ ಪಟ್ಟಿ ಬಿಚ್ಚಿಕೊಂಡಿತು, ಬಾಣ ಒಂದೊಂದೇ ಹೆಸರಿನ ಮೇಲೆ ಇಳಿಯತೊಡಗಿತು. ಅಕ್ಕಪಕ್ಕದ ಶಾಖೆಯವರೆಲ್ಲ ಬಂದು ನಿಂತರು. ಟೈಪಿಸ್ಟರು ಒಬ್ಬರು, “ನೀಲವ್ವ ಕಾಯಿ ನೀರು ಕುಡಿಸ್ಯಾಳ, ಅದಕ್ಕ ಅಮಲೇರೈತಿ” ಎಂದರು. ಇನ್ನೊಬ್ಬರು, “ಕುಂಕುಮ ಗುಂಡ್ಯಾಗ ಇಳದೈತಿ” ಎಂದರು. ನನಗೂ ಖರೇ ಅನ್ನಿಸಿತು. ಸೆರಗಿನ ತುದಿಯಿಂದ ಗುಂಡಿಗಳ ಸಂದಿಯನ್ನೆಲ್ಲ ಒರೆಸಿದೆ, ಅಕ್ಷತೆ ಕಾಳುಗಳನ್ನು ಪಿನ್ನಿನಿಂದ ಹೆಕ್ಕಿದೆ. ಬಾಣ ನಿಲ್ಲಲಿಲ್ಲ. ನಾನು ಒರೆಸಿದಷ್ಟೂ ಅದು ಪಟ್ಟಿಯಲ್ಲಿ ಇಳಿಯುತ್ತಲೇ ಇತ್ತು.

ಅಷ್ಟರಲ್ಲಿ ವಿನಯ ಬಂದ. ನಗುತ್ತಲೇ ಹೇಳಿದ: “ಏನೂ ಆಗಿಲ್ರಿ ಅಮ್ಮಾ. ನಮ್ಮ ಇಂಜಿನಿಯರ್ ಪ್ರೋಗ್ರಾಮ್ ಚೆಕ್ ಮಾಡಾಕತ್ತಾರ.”

“ಎಲ್ಲೆ ಕುಂತ?” ಎಂದೆ ನಾನು.

ಅವನು ಸಮುದ್ರದಾಚೆಯ ಒಂದು ಊರಿನ ಹೆಸರು ಹೇಳಿದ. ಅಲ್ಲಿ ಈಗ ರಾತ್ರಿ ಎಂದೂ ಹೇಳಿದ.

ದೇಸಾಯರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ಆ ಮನಷ್ಯಾಗ ಹೆಸರು ತಗಿಲಿಕ್ಕೂ ಬರತದೇನು?” ಎಂದು ಕೇಳಿದರು. “ಬರತೈತ್ರಿ, ಆದ್ರ ತಗಿಯಾಂಗಿಲ್ರಿ” ಎಂದ ವಿನಯ.

ವಾಯರು ತೆಗೆಸಬೇಕೆಂದು ದೇಸಾಯರು ಸಾಹೇಬರಿಗೆ ಟಿಪ್ಪಣಿ ಬರೆದರು. ನಾನೇ ಒಯ್ದು ಕೊಟ್ಟೆ. ಸಾಹೇಬರು ಓದಿ ದೇಸಾಯರನ್ನು ಕರೆಸಿದರು, ನಾನು ಅಲ್ಲೇ ಬಾಗಿಲಲ್ಲಿ ನಿಂತೆ.

“ದೇಸಾಯರೇ, ಕಾಯ್ದೆಯಲ್ಲಿ ಎಲ್ಲಿದೆ ತೋರಿಸಿ. ಕಂಪ್ಯೂಟರಿನ ಹೊಸ ಕಾಯ್ದೆಯನ್ನೂ ಓದಿದ್ದೀನಿ. ಪರವಾನಗಿ ಇಲ್ಲದೆ ಕೈಹಾಕಿದ್ರೆ ತಪ್ಪು. ಇಲ್ಲಿ ಪರವಾನಗಿ ನಾನೇ ಕೊಟ್ಟಿದ್ದೀನಲ್ಲ.”

“ಚುನಾವಣೆ ಕಾಯ್ದೆದಾಗ ವಾಯರಿನ ಮಾತು ಇಲ್ರಿ, ಒಪ್ಪಿದೆ. ಕೋಣ್ಯಾಗ ಯಾರು ಬರಬಹುದು, ಯಾರು ಬರಬಾರದು ಅನ್ನೂದು ಅದ. ವಾಯರಿನಿಂದ ಬಂದಾವನೂ ಬಂದಾವನ ಅಲ್ರಿ ಸಾಹೇಬ್ರ?”

“ಕೂತ ಜಾಗ ಬಿಟ್ಟು ಎದ್ದಿಲ್ಲ ಆ ಮನುಷ್ಯ. ಬಂದ ಅಂತ ಹೇಗೆ ಬರೀತೀರಿ?” ಎಂದು ಸಾಹೇಬರು ಟಿಪ್ಪಣಿ ವಾಪಸು ಕೊಟ್ಟರು. ಅವರು ಸೊಕ್ಕಿನಿಂದ ಹೇಳಿದ್ದಲ್ಲ. ಕಾಯ್ದೆಯಲ್ಲಿ ಆ ಸಾಲು ಖರೇನೇ ಇರಲಿಲ್ಲ.

ಅಷ್ಟರಲ್ಲಿ ಚುನಾವಣೆ ಬಂತು. ಪಟ್ಟಿಯ ಕೋಣೆ ಮುಚ್ಚುವ ದಿನ ಬಂತು. ಪಟ್ಟಿ ಅಚ್ಚಾಗಿ ಮುಗಿಯುವತನಕ ವಾಯರು ಇರಲಿ, ಏನಾದರೂ ಕೆಟ್ಟರೆ ರಿಪೇರಿಗೆ ಬೇಕು ಎಂದರು ಸಾಹೇಬರು.

ಹಿಂದಿನ ಸಂಜೆ ದೇಸಾಯರು ನನ್ನನ್ನು ಕರೆದು ಹೇಳಿದರು: “ನಾಳೆ ನಾ ಸಹಿ ಮಾಡೂದಿಲ್ಲ. ನಂದು ನಿವೃತ್ತಿ ಹತ್ತರ ಬಂತು, ನನಗ ಏನ್ ಮಾಡ್ತಾರ? ನೀ ಮಾಡಿಬಿಡು. ನಿನಗ ಮಗಳದಾಳ, ಮಗಳ ಕೂಸದ. ಅನುಕಂಪದ ನೌಕರಿ ನಿಂದು, ಅದರ ಮ್ಯಾಲ ಯಾರ ಕಣ್ಣೂ ಬೀಳಬಾರದು.”

ಅವರು ಹೇಳಿದ್ದು ಖರೇ. ಅಳಿಯ ಇರಲಿಲ್ಲ. ಮಗಳು ಬ್ಲೌಸು ಹೊಲಿಯುತ್ತಿದ್ದಳು. ಸ್ಮಿತಾ ಆಗ ಬಾಲವಾಡಿಗೆ ಹೋಗುವ ಕೂಸು. ಒಲೆ ಹೊತ್ತುತ್ತಿದ್ದುದು ನನ್ನ ಪಗಾರದಿಂದ. ಮನೆಗೆ ಹೋಗಿ ಮಗಳಿಗೆ ಹೇಳಿದೆ. ಅವಳು ಹೊಲಿಗೆ ಯಂತ್ರ ನಿಲ್ಲಿಸಿ, “ಯವ್ವಾ, ಆ ಕಂಪ್ಯೂಟರ್ ನಿಂದೇನು? ಒಂದು ಹೆಸರು ಗೀಚಿ ಬಾ” ಎಂದಳು. ಅವಳನ್ನು ತಪ್ಪು ಅನ್ನಲಾರೆ. ಹೊಟ್ಟೆಯ ಚಿಂತೆ ಅವಳಿಗೂ ಇತ್ತು. ನಾನು ಹೂಂ ಅಂದೆ. ಹೂಂ ಅಂದದ್ದು ಮಾತು ಮುಗಿಸಿ ಮಲಗುವುದಕ್ಕಷ್ಟೇ.

ಮರುದಿನ ಕೋಣೆಯ ಮುಂದೆ ಸಾಹೇಬರು, ದೇಸಾಯರು, ರೇಷ್ಮಾ, ವಿನಯ. ಎರಡು ಪಕ್ಷದ ಏಜೆಂಟರು ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಒಬ್ಬರನ್ನೊಬ್ಬರು ಕೆಣಕುತ್ತಿದ್ದರು. ನಾನು ಬೀಗ ಹಾಕಿದೆ, ಬಟ್ಟೆ ಸುತ್ತಿದೆ, ಮೇಣಬತ್ತಿ ಹಚ್ಚಿದೆ. ಸಾಹೇಬರು ಓದಿದರು: “ಬಾಗಿಲು, ಕಿಟಕಿ, ಕಿಂಡಿ ಯಾವುದರಿಂದಲೂ ಒಳಗೆ ಪ್ರವೇಶವಿಲ್ಲವೆಂದು ಕಣ್ಣಾರೆ ನೋಡಿದ್ದೇವೆ.”

ದೇಸಾಯರು ಬೇಡ ಅನ್ನುತ್ತಾರೆಂದು ಸಾಹೇಬರಿಗೆ ಗೊತ್ತಿತ್ತು. ಅದಕ್ಕೆ ಆ ದಿನ ಪದ್ಧತಿ ತಿರುವಿ ಕಾಗದವನ್ನು ಮೊದಲು ನನ್ನ ಮುಂದೆ ಹಿಡಿದರು. “ಹಾಕಮ್ಮಾ.”

ನಾನು ಕಿಂಡಿಯತ್ತ ನೋಡಿದೆ. ವಾಯರು ಅಲ್ಲೇ ಇತ್ತು.

“ಸಾಹೇಬ್ರ, ಕಿಂಡಿ ತೆರದೈತ್ರಿ.”

“ಅದು ಟೆಲಿಫೋನ್ ವಾಯರಮ್ಮಾ. ಅದರೊಳಗೆ ಇಲಿ ಕೂಡ ನುಗ್ಗಲ್ಲ.”

“ಇಲಿ ಬಂದ್ರ ಅಂಟು ತಿಂದು ಹೋಗತೈತ್ರಿ. ಇದರಾಗಿಂದ ಬಂದಾವ ಹೆಸರಿನ ಮ್ಯಾಲ ಓಡಾಡಿದ್ದು ನಾ ನೋಡೀನ್ರಿ. ಪ್ರವೇಶ ಇಲ್ಲ ಅಂತ ಹೆಂಗ ಬರೀಲಿ?”

ವಿನಯ ನಡುವೆ ಬಂದ. “ಅಮ್ಮಾ, ನಮ್ಮವರು ಏನೂ ಮಾಡಾಂಗಿಲ್ರಿ. ನಾ ಜವಾಬ್ದಾರಿ.”

“ನೀ ಛಲೋ ಹುಡುಗ ಅದೀಯಪಾ. ಆದ್ರ ನಾಳೆ ಆ ಕುರ್ಚ್ಯಾಗ ಯಾರು ಕೂಡತಾರ, ನಿನಗರ ಗೊತ್ತೈತೇನು?”

ಸಾಹೇಬರ ಮುಖ ಕೆಂಪಾಯಿತು. “ನೀಲಮ್ಮಾ, ನಿಮ್ಮ ನೌಕರಿ ಹ್ಯಾಗೆ ಬಂದದ್ದು ಅಂತ ನೆನಪಿದೆಯಾ? ಮೇಲಿನವರ ಮಾತು ಕೇಳದಿದ್ರೆ ನಾನು ಬರೆದು ಹಾಕಬೇಕಾಗುತ್ತೆ.”

“ನನ್ನ ಗಂಡ ಸತ್ತು ಬಂದ ನೌಕರಿ ಐತ್ರಿ. ಸುಳ್ಳು ಬರಿಯಾಕ ಅಂತ ಬಂದಿಲ್ಲ. ವಾಯರ ಐತಿ ಅಂತ ಬರೀರಿ, ಈಗಿಂದೀಗ ಹಾಕತೇನಿ. ಅದನ್ನೂ ದೊಡ್ಡ ದನಿಲೆ ಓದ್ರಿ.”

ನನ್ನ ದನಿ ಶಿರಗುಪ್ಪಿಯ ಹೊಲದಲ್ಲಿ ಬೆಳೆದದ್ದು. ಪಡಸಾಲೆಯಲ್ಲಿ ಚಹಾದ ಕಪ್ಪುಗಳು ಕೆಳಗಿಳಿದವು. ಒಬ್ಬ ಏಜೆಂಟರು ಬಂದು, “ಏನ್ರಿ ಅದು ವಾಯರು?” ಎಂದರು. ಅವರ ಹಿಂದೆಯೇ ಇನ್ನೊಬ್ಬರೂ ಬಂದರು. ದೇಸಾಯರು ಪೆನ್ನನ್ನು ಕಿಸೆಗೆ ಸಿಕ್ಕಿಸಿ ಕೈಕಟ್ಟಿ ನಿಂತರು. “ನಮಗ ಯಾಕ ಹೇಳಲಿಲ್ಲ?” ಎಂದು ಇಬ್ಬರೂ ಏಜೆಂಟರು ಕೂಡಿಯೇ ಕೇಳಿದರು. ಆ ಇಬ್ಬರೂ ಒಂದು ಮಾತಿಗೆ ಕೂಡಿದ್ದನ್ನು ನಾನು ನೋಡಿದ್ದು ಅದೇ ಮೊದಲು, ಅದೇ ಕೊನೆ.

ಸಾಹೇಬರು ಹಿಡಿದಿದ್ದ ಕಾಗದವನ್ನು ಕೆಳಗಿಳಿಸಿದರು. “ವಾಯರು ತೆಗೀರಿ” ಎಂದರು. ಬೀಗ ಮತ್ತೆ ಬಿಚ್ಚಿದೆವು. ಎಲ್ಲರ ಮುಂದೆ ರೇಷ್ಮಾ ವಾಯರು ಕಿತ್ತಳು, ವಿನಯ ಅದನ್ನು ಸುತ್ತಿಕೊಂಡ. ನಾನು ಸ್ಟೂಲು ಹತ್ತಿ ಕಿಂಡಿಗೆ ಹಲಗೆ ಬಡಿದೆ, ಬಟ್ಟೆ ಹಚ್ಚಿದೆ, ಅರಗು ಸುರಿದು ಮುದ್ರೆ ಒತ್ತಿದೆ. ಇಳಿದು ಬಂದು ನನ್ನ ಹೆಸರನ್ನು ಬರೆದೆ, ಎಷ್ಟು ಸಾವಕಾಶ ಬರೆಯಲು ಬರುತ್ತದೋ ಅಷ್ಟು ಸಾವಕಾಶ.

ಚುನಾವಣೆ ಮುಗಿದ ಮೇಲೆ ನನ್ನನ್ನು ಕಲಘಟಗಿಗೆ ಎತ್ತಿ ಹಾಕಿದರು. ವರ್ಗದ ಆದೇಶದಲ್ಲಿ ಆಡಳಿತದ ಕಾರಣ ಎಂದು ಬರೆದಿತ್ತು. ನಿವೃತ್ತಿಯವರೆಗೂ ದಿನಾ ಬಸ್ಸಿನಲ್ಲಿ ಹೋಗಿ ಬಂದೆ, ಎಷ್ಟೋ ದಿನ ನಿಂತೇ. ಮಗಳು ಕೆಲವು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಆ ಕಂಪನಿಯವರು ಯಾವುದಾದರೂ ಹೆಸರು ಅಳಿಸಿದ್ದರೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ದೇಸಾಯರು ನಿವೃತ್ತಿಯಾಗುವ ದಿನ ನಾನು ಅದನ್ನೇ ಕೇಳಿದೆ. “ಅಳಿಸಿರಲಿಕ್ಕಿಲ್ಲ ನೀಲವ್ವ. ಆದ್ರ ಅಡಗಿ ಮನ್ಯಾಗ ಪರಕೀಯ ಕುಂತಿದ್ರ, ಏನ್ ಕದ್ದಾನ ಅಂತ ಆಮ್ಯಾಲ ನೋಡ್ತೀವಿ. ಮೊದಲ ಎಬ್ಬಿಸ್ತೀವಿ” ಎಂದರು. ಕೆಲಕಾಲದ ಮೇಲೆ, ಪಟ್ಟಿಯ ಕೋಣೆಗೆ ಹೊರಗಿನ ವಾಯರು ಇರಕೂಡದು ಎಂದು ನಮ್ಮ ಕಚೇರಿಗೆ ಸುತ್ತೋಲೆ ಬಂತೆಂದು ರೇಷ್ಮಾ ಹೇಳಿದಳು. ಅದರಲ್ಲಿ ನನ್ನ ಹೆಸರು ಇರಲಿಲ್ಲ. ಇರಬೇಕಾಗಿಯೂ ಇರಲಿಲ್ಲ.

ಈಗ ಸ್ಮಿತಾ. ನಮ್ಮಲ್ಲಿ ಅಜ್ಜಿಗೆ ಆಯಿ ಅನ್ನುತ್ತಾರೆ. ಸೇರಿ ತಿಂಗಳಾಗಿಲ್ಲ, ಮೊನ್ನೆ ಫೋನು ಮಾಡಿದಳು. ಅವಳ ಮೊದಲ ಕೆಲಸವೇ ಇದು: ಹೊರದೇಶದಿಂದ ಕಂಪ್ಯೂಟರಿನ ಮೂಲಕ ನಮ್ಮ ಚುನಾವಣೆಗೆ ಕೈಹಾಕುವವರನ್ನು ತಡೆಯಲು ಹೊಸ ನಿಯಮ ಬರೆಯುವುದು. ಅವಳು ಬರೆದದ್ದನ್ನು ಓದಿ ಹೇಳಿದಳು. “ದೂರದಿಂದ, ಯಾವುದೇ ಮಾರ್ಗದಿಂದ, ಒಳಗಿನ ಪಟ್ಟಿಯನ್ನಾಗಲಿ ಯಂತ್ರವನ್ನಾಗಲಿ ಮುಟ್ಟಿದವನನ್ನು ಒಳಗೆ ಬಂದವನೆಂದೇ ಎಣಿಸತಕ್ಕದ್ದು.” ನಾನು ಫೋನು ಕಿವಿಯಿಂದ ತೆಗೆದು ಕಣ್ಣು ಒರೆಸಿಕೊಂಡೆ. ದೇಸಾಯರ ಟಿಪ್ಪಣಿ ಅದು. ಅವರು ಈಗ ಇಲ್ಲ, ಅವರ ಮಾತು ತಿರುಗಿ ಬಂದಿತ್ತು.

“ಆದ್ರ ಆಯಿ, ಮ್ಯಾಲಿನವ್ರು ಅದಕ್ಕ ಒಂದು ಮಾತು ಕೂಡಿಸ್ಯಾರ. ‘ಅಧಿಕಾರಿಯ ಪರವಾನಗಿ ಇಲ್ಲದೆ’ ಅಂತ. ನಿನ್ನ ಕಾಲಕ್ಕ ಆ ವಿನಯಗ ಪರವಾನಗಿ ಇತ್ತಿಲ್ಲೋ?”

“ಇತ್ತು. ಸಾಹೇಬ್ರದು, ಬರದಿದ್ದು.”

“ಅಂದ್ರ ಈ ನಿಯಮ ಅವತ್ತ ಇದ್ದಿದ್ರೂ ವಾಯರ ಕಿಂಡ್ಯಾಗ ಇರತಿತ್ತು.”

“ಇರತಿತ್ತು.”

“ಎಲ್ಲಾ ಪಕ್ಷದವರ ಮುಂದ ಓದಿ ಹೇಳದ ಕೊಟ್ಟ ಪರವಾನಗಿ ಪರವಾನಗಿನ ಅಲ್ಲ ಅಂತ ಬರೀಬೇಕು ಅಂದೆ ನಾ. ಅವ್ರು ಒಪ್ಪಲಿಲ್ಲ. ಇವತ್ತ ಸಹಿ ಮಾಡು ಅಂದ್ರು.”

ಅವಳ ನೌಕರಿ ಹೊಸದು. ಮಗಳು ನನ್ನ ಪಕ್ಕದಲ್ಲೇ ಕೂತು ಎಲ್ಲವನ್ನೂ ಕೇಳುತ್ತಿದ್ದಳು. ನಾನು ಇಷ್ಟೇ ಕೇಳಿದೆ:

“ನೀ ಏನ್ ಮಾಡಿದಿ ಮತ್ತ?”

“ಮಾಡಿಲ್ಲ ಆಯಿ. ನಾ ಯಾಕ ಮಾಡಾಂಗಿಲ್ಲ ಅಂತ ಕಾರಣ ಬರದು ಕೊಟ್ಟು ಬಂದೇನಿ.”

ನಾನು ಬಾಯಿ ತೆರೆಯುವ ಮೊದಲೇ ಮಗಳು ಫೋನು ಕಸಿದುಕೊಂಡಳು. ಬೈಯುತ್ತಾಳೆ ಅಂದುಕೊಂಡೆ.

“ಎತ್ತಿ ಹಾಕಿದ್ರ ಹಾಕಲಿ ಬಿಡು,” ಎಂದಳು. “ನಿಮ್ಮ ಆಯಿಗೆ ಕಲಘಟಗಿ ಬಸ್ಸೆಲ್ಲಾ ಬಾಯಿಪಾಠ ಅದಾವ.”